ಕ್ಯಾಸೆಟ್ಟಿನಲ್ಲಿಲ್ಲದ ಕೊನೆ

"ಯಾರ್ರೀ ಮನ್ಯಾಗ? ಆ ರುಮಾಲಿನವನ್ನ ಜಿಗಿಸಾಕತ್ತವರು ಯಾರು?"

ಬಾಗಿಲಲ್ಲಿ ನಿಂತ ಅಪರಿಚಿತನ ಸಿಟ್ಟಿನ ಮುಖ ಕಂಡು ವೃಂದಾ ದಡಕ್ಕನೆ ಎದ್ದಳು. ಕೈಯಲ್ಲಿ ವಿಡಿಯೋ ಗೇಮಿನ ರಿಮೋಟ್ ಇತ್ತು, ಅದರ ವೈರು ಕಾಲಿಗೆ ಸುತ್ತಿಕೊಂಡಿತ್ತು.

"ನಾನೇ. ಏನಾತೀಗ?"

"ಏನಾತಾ? ನನ್ನ ಟಿವ್ಯಾಗ ಮ್ಯಾಚ್ ನಡದದ. ಕಡೀ ಓವರು! ಬೌಲರ್ ಓಡಿ ಬರಾಕತ್ತಾನ, ಅವನ ಎದಿ ಮ್ಯಾಲೆ ನಿಮ್ಮ ರುಮಾಲಿನವ ಕುಣ್ಯಾಕತ್ತಾನ!"

ಕಲಬುರಗಿಯ ಶಹಾಬಜಾರದ ಆ ಗಲ್ಲಿಯಲ್ಲಿ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಎರಡೂ ಮನೆಯ ಆಂಟೆನಾ ಮಾಳಿಗೆಯ ಒಂದೇ ಕಬ್ಬಿಣದ ಪೈಪಿಗೆ ಕಟ್ಟಿದ್ದವು. ವೃಂದಾ ಆಂಟೆನಾದ ವೈರು ಬಿಚ್ಚದೆಯೇ ಗೇಮಿನ ವೈರು ಸಿಕ್ಕಿಸಿದ್ದಳು. ಅವಳ ಆಟ ಪೈಪು ಹತ್ತಿ, ಪಕ್ಕದ ಮನೆಯ ಟಿವಿಗೆ ಇಳಿದಿತ್ತು!

"ಅದೂ ಹೋಗ್ಲಿ," ಎಂದ ಅವನು. "ಮುಂಜಾನಿಂದ ಅದೇ ತಗ್ಗಿನ್ಯಾಗ ಬೀಳಾಕತ್ತೀರಲ್ಲ! ನೋಡಿ ನೋಡಿ ನನಗೇ ಮೈ ಉರೀತು. ಜಲ್ದಿ ಜಿಗೀತೀರಿ ನೀವು. ಅಂಚಿನ ತನಕ ಹೋಗ್ರಿ, ಕಾಲು ಅರ್ಧ ಹೊರಗ ಬರ್ಲಿ, ಆಮ್ಯಾಲೆ ಜಿಗೀರಿ."

ವೃಂದಾಳ ಕಿವಿ ಬಿಸಿಯಾಯಿತು. 'ಅಬ್ಬಾ, ಎಷ್ಟು ಸೊಕ್ಕು ಇವನಿಗೆ!'

"ನನಗ ಕಲಸಬ್ಯಾಡ್ರಿ. ಈ ಆಟ ಎಷ್ಟೋ ಸಲ ಮುಗಿಸೀನಿ ನಾ. ಕ್ವಾಟ್ಯಾಗಿನ ಹುಡುಗೀನೂ ಬಿಡಿಸೀನಿ. ಇವತ್ತು ಕೈ ಸರಿ ಇಲ್ಲ, ಅಷ್ಟೇ!"

ಅಪ್ಪಟ ಸುಳ್ಳು. ಎರಡನೇ ಸ್ಟೇಜಿನ ಆ ತಗ್ಗನ್ನು ಅವಳು ಒಮ್ಮೆಯೂ ದಾಟಿರಲಿಲ್ಲ. ಕೋಟೆಯಲ್ಲಿ ಸೆರೆಯಾದ ಆ ಹುಡುಗಿಯನ್ನು ಅವಳು ಕಂಡಿದ್ದು ಡಬ್ಬಿಯ ಮೇಲಿನ ಚಿತ್ರದಲ್ಲಿ ಮಾತ್ರ. ಸೊಕ್ಕಿಗೆ ಸೊಕ್ಕು ಎಂದು ಬಾಯಿಗೆ ಬಂದ ಮಾತು ಅದು. ಇಂಥ ಮಾತು ಆಡುವಾಗ ಹತ್ತಿಯಷ್ಟು ಹಗುರ, ಹೊರುವಾಗ ಗೊತ್ತಾಗುತ್ತದೆ ಅದರ ಭಾರ.

ಅವನ ಹೆಸರು ನರಸಿಂಹ. ಊರು ಕಮಲಾಪುರ. ತಂದೆಗೆ ಗುಡಿಯ ಪೂಜೆ, ಜೊತೆಗೊಂದು ಕೆಂಪು ಬಾಳೆಯ ತೋಟ. ಬಿ.ಕಾಂ. ಓದಲು ಬಂದು ಪಕ್ಕದ ಮನೆಯ ಮಾಳಿಗೆ ಕೋಣೆ ಹಿಡಿದಿದ್ದ.

ಮುಂದಿನ ವಾರ ಊರಿಂದ ಬರುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ಅವಳ ವೈನಿ, ಅಣ್ಣನ ಹೆಂಡತಿ ವಿಮಲಾಬಾಯಿಯ ಕೈಗೆ ಕೊಟ್ಟ.

"ಅವತ್ತು ಭಾಳ ಒದರಿದೆರಿ ವೈನಿ. ತಪ್ಪಾತು ಅಂತ ಹೇಳ್ರಿ... ಅವರಿಗೆ."

"ಯಾವ ಅವರಿಗೆ? ಬಾಗಿಲ ಹಿಂದ ನಿಂತು ನಗಾಕತ್ತಾಳ ನೋಡು, ಅಕಿಗೇನು?" ಎಂದರು ವಿಮಲಾಬಾಯಿ.

ಹಾಗೆ ಶುರುವಾಯಿತು. ಆ ಆಟ ಒಂದು ಪರದೇಶದ ಸಿನೆಮಾ ನೋಡಿ ಮಾಡಿದ್ದು. ಅದೇ ಸಿನೆಮಾ ಹಿಂದಿ ಮಾತು ಕಲಿತು ಊರಿನ ಟಾಕೀಸಿಗೆ ಬಂದಾಗ ಮೂವರೂ ಹೋದರು, ನಡುವೆ ವೈನಿ! ಕತ್ತಲಲ್ಲಿ ವೈನಿಯ ತಲೆಯ ಮೇಲಿಂದ ಎರಡು ಕಣ್ಣು ತನ್ನ ಕಡೆ ನೋಡುತ್ತಿದ್ದುದು ವೃಂದಾಳಿಗೆ ಗೊತ್ತಿತ್ತು. ಬೆಟ್ಟದ ಕೋಟೆ, ಸೆರೆಯಲ್ಲಿ ಹುಡುಗಿ, ಅವಳನ್ನು ಬಿಡಿಸಲು ಹೊರಟ ರುಮಾಲಿನವ. ಕೊನೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಂಡೂ ಅವಳಿಗೆ ಕಾಣಲಿಲ್ಲ...

ವರ್ಷ ಕಳೆಯಿತು. ಒಂದು ಸಂಜೆ ಮಾಳಿಗೆಯ ಮೇಲೆ, ಆಂಟೆನಾ ತಿರುಗಿಸುವ ನೆವದಲ್ಲಿ, ಅವನು ತಲೆ ತಗ್ಗಿಸಿ ಕೇಳಿದ.

"ವೃಂದಾ... ನಿಮ್ಮ ಗೋಪಾಲಣ್ಣನ ಹತ್ರ ಮಾತಾಡ್ಲೇನು? ನಮ್ಮಿಬ್ಬರ ವಿಷಯ?"

ಎದೆ 'ಹೂಂ' ಅಂದಿತು. ಬಾಯಿಗೆ ಮಾತ್ರ ಹುಡುಗಾಟ!

"ಮೊದಲ ಆ ಕ್ವಾಟ್ಯಾಗಿನ ಹುಡುಗೀನ ಬಿಡಿಸ್ರಿ. ಆಮ್ಯಾಲೆ ನನ್ನ ಕೇಳಾಕ ಬರ್ರಿ!"

ಅವನು ನಕ್ಕು, ಗೇಮಿನ ಡಬ್ಬಿಯನ್ನು ತನ್ನ ಕೋಣೆಗೆ ಒಯ್ದ. ಬೇಸಿಗೆಯಲ್ಲಿ ವೃಂದಾ ತಾಯಿಯ ಜೊತೆ ಪಂಢರಪುರಕ್ಕೆ ಹೋಗಿ ಬಂದಾಗ ಆ ಕೋಣೆಗೆ ಬೀಗ ಬಿದ್ದಿತ್ತು.

"ಖಾಲಿ ಮಾಡಿಕೊಂಡು ಊರಿಗೆ ಹೋದ," ಎಂದರು ವಿಮಲಾಬಾಯಿ. "ಈ ಡಬ್ಬಿ ಕೊಟ್ಟ. 'ಇನ್ನ ನನ್ನ ಕೈಲೆ ಆಗೂದಿಲ್ಲ ಅಂತ ಹೇಳ್ರಿ' ಅಂದ. ಅವನ ಮಾರಿ ಸಪ್ಪಗಿತ್ತು."

ಆಗೂದಿಲ್ಲ? ಅಷ್ಟೇನಾ? ಒಂದು ಮಕ್ಕಳ ಆಟ ಆಗದಿದ್ದವನು ನನ್ನನ್ನೇನು ಕೈ ಹಿಡಿಯುತ್ತಿದ್ದ!

ವೃಂದಾ ಡಬ್ಬಿಯನ್ನು ಅಟ್ಟಕ್ಕೆ ಎಸೆದಳು. ಅಳಲಿಲ್ಲ. ಹೋಗಿ ಕೇಳಲೂ ಇಲ್ಲ.

* * *

ಏಳು ವರ್ಷ! ಬಂದ ವರಗಳಿಗೆಲ್ಲ ಒಂದೊಂದು ಕೊಂಕು ತೆಗೆದು ತೆಗೆದು ಅವಳಿಗೇ ಬೇಸರವಾಗಿತ್ತು. ಈ ಭಾನುವಾರ ಸೋಲಾಪುರದವರು ನೋಡಲು ಬರುವವರಿದ್ದರು. ಈ ಸಲ 'ಹೂಂ' ಅಂದುಬಿಡುತ್ತೇನೆ ಎಂದು ಅಣ್ಣನಿಗೆ ಮಾತು ಕೊಟ್ಟಿದ್ದಳು.

ಮನೆ ಸಾರಿಸಿ ಸುಣ್ಣ ಬಳಿಯುವ ಗದ್ದಲದಲ್ಲಿ ವಿಮಲಾಬಾಯಿ ಅಟ್ಟದಿಂದ ಆ ಡಬ್ಬಿ ಇಳಿಸಿದರು.

"ಗುಜರಿ ಭಂಗಾರದವಗ ಹಾಕೂ ಮುಂಚೆ ನಡೀತದೇನು ನೋಡೇ ವೃಂದಾ."

ಗೇಮಿನ ಕ್ಯಾಸೆಟ್ಟಿನ ಬಾಯಿಗೆ ಊದಿದಳು. ಧೂಳು ಕಣ್ಣಿಗೇ ಬಂತು. ಡಬ್ಬಿಗೆ ಸಿಕ್ಕಿಸಿದಳು. ಆಗಲಿಲ್ಲ. ಮತ್ತೆ ಊದಿದಳು... ಟಿವಿಯಲ್ಲಿ ಹೆಬ್ಬೆರಳಿನಷ್ಟು ರುಮಾಲಿನವ ಎದ್ದು ನಿಂತ.

ಅದೇ ತಗ್ಗು. ಬಿದ್ದ. ಮತ್ತೆ ಬಿದ್ದ. ಮತ್ತೆ!

"ಥೂ ನಿನ್ನ!" ರಿಮೋಟನ್ನು ಚಾಪೆಗೆ ಬಡಿದಳು.

"ಅದರ ಮ್ಯಾಲ್ಯಾಕ ಸಿಟ್ಟು? ಪಾಪ, ಅದೇನು ಮಾಡ್ಯದ?" ಎಂದು ಒಳಗಿಂದ ವೈನಿ ಕೇಳಿದರು.

'ಎಲ್ಲಾ ಮಾಡ್ಯದ!' ಇದೇ ತಗ್ಗು, ಇದೇ ಹಾಳು ತಗ್ಗು! ಈಗ ಹಟ ಹತ್ತಿತು. ಮಧ್ಯಾಹ್ನದ ಊಟ ಆರಿತು, ಹೆಬ್ಬೆರಳಿಗೆ ಬೊಬ್ಬೆ ಬಂತು, ಅವನು ಬೀಳುವುದು ಮಾತ್ರ ತಪ್ಪಲಿಲ್ಲ. ಕೊನೆಗೆ, ಬೇಡ ಬೇಡವೆಂದರೂ ಆ ಮಾತು ನೆನಪಾಯಿತು.

ಅಂಚಿನ ತನಕ ಹೋಗ್ರಿ. ಕಾಲು ಅರ್ಧ ಹೊರಗ ಬರ್ಲಿ...

ಆ ದಿನದಿಂದ ಈ ದಿನದವರೆಗೆ ಅವಳು ಅದನ್ನು ಮಾಡಿ ನೋಡಿರಲಿಲ್ಲ. ಅವನು ಹೇಳಿದ್ದಕ್ಕೇ ಮಾಡಿರಲಿಲ್ಲ! ಹಲ್ಲು ಕಚ್ಚಿ ಅಂಚಿನವರೆಗೆ ಹೋದಳು. ಕಾಲು ಹೊರಬಂತು. ಒತ್ತಿದಳು.

ದಾಟಿತು.

ಮರುದಿನವೂ ಕೂತಳು. ಮೂರನೇ ಸ್ಟೇಜು ದಾಟಿದಳು. ನಾಲ್ಕನೆಯದರಲ್ಲಿ ಕೋಟೆ ಕಂಡಿತು. ಕಿಟಕಿಯಲ್ಲಿ ಚಿಕ್ಕ ಹುಡುಗಿ ಕೈ ಎತ್ತಿ ನಿಂತಿದ್ದಳು. ವೃಂದಾ ಟಿವಿಯ ಹತ್ತಿರ ಸರಿದಳು. ಬಾಗಿಲು ತೆರೆಯಿತು, ರುಮಾಲಿನವ ಒಳಗೆ ಕಾಲಿಟ್ಟ...

ಟಿವಿ ಕಪ್ಪಾಯಿತು.

ಮತ್ತೆ ಮೊದಲನೇ ಸ್ಟೇಜು! ಅದೇ ಬೆಟ್ಟ, ಅದೇ ರುಮಾಲಿನವ, ಏನೂ ಆಗಿಯೇ ಇಲ್ಲವೆಂಬಂತೆ.

ತನ್ನದೇ ತಪ್ಪಿರಬೇಕೆಂದು ಮೊದಲಿನಿಂದ ಆಡಿದಳು. ಬಾಗಿಲು ತೆರೆಯಿತು. ಮತ್ತೆ ಕಪ್ಪು. ಮತ್ತೆ ಅದೇ ಬೆಟ್ಟ.

"ವೈನಿ! ಇದಕ್ಕ ಕೊನೇನೇ ಇಲ್ಲ!"

"ಎಲ್ಲಿಂದ ಇರ್ತದವ್ವಾ? ನಿಮ್ಮಣ್ಣ ಬಜಾರದಾಗ ಅಗ್ಗಕ್ಕ ತಂದ ನಕಲಿ ಮಾಲು ಅದು. ಮಾಡಿದವ ಅರ್ಧಾನೇ ತುಂಬಿರಬೇಕು."

ವೃಂದಾ ರಿಮೋಟನ್ನು ಕೆಳಗಿಟ್ಟಳು.

ಇಲ್ಲದ ಹುಡುಗಿಯನ್ನು ಬಿಡಿಸಿಕೊಂಡು ಬಾ ಅಂದಿದ್ದೆ ನಾನು. ಮತ್ತು ನಾನು... 'ಎಷ್ಟೋ ಸಲ ಮುಗಿಸೀನಿ' ಅಂದಿದ್ದೆ! ಕೊನೆಯಿಲ್ಲ ಎಂದು ಗೊತ್ತಿದ್ದೇ ಈ ಷರತ್ತು ಹಾಕಿದಳು, ಒಲ್ಲೆ ಅನ್ನಲು ಇದೊಂದು ದಾರಿ, ನಕ್ಕು ಅವಮಾನ ಮಾಡಿದಳು ಎಂದಲ್ಲದೆ ಇನ್ನೇನು ತಿಳಿದಾನು ಅವನು?

"ವೈನಿ, ನಾ ಕಮಲಾಪುರಕ್ಕ ಹೋಗಿ ಬರ್ತೀನಿ."

ವಿಮಲಾಬಾಯಿ ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ಭಾನುವಾರ ಅವರು ಬರ್ತಾರ, ನೆನಪದ ಅಲ್ಲ?"

"ಅದಕ್ಕೇ ಇವತ್ತು ಹೋಗ್ತೀನಿ."

"ಹಂಗಾದ್ರ ನಿಂದರಬ್ಯಾಡ. ಕಮಲಾಪುರದ ಮ್ಯಾಲೆ ಹೋಗೂ ಹುಮನಾಬಾದ್ ಬಸ್ಸು ಸಿಗ್ತದ. ನಿಮ್ಮಣ್ಣಗ ನಾ ಹೇಳ್ಕೋತೀನಿ."

* * *

ಕಮಲಾಪುರದ ಬಸ್ ನಿಲ್ದಾಣದ ಬದಿಗೇ ಅವನ ಹಣ್ಣಿನ ಅಂಗಡಿ. ಕೆಂಪು ಬಾಳೆಗೊನೆಗಳ ನಡುವೆ ನರಸಿಂಹ ಹಗ್ಗ ಕಟ್ಟುತ್ತಿದ್ದ. ಹಣೆಯ ಮೇಲಿನ ಕೂದಲು ಹಿಂದೆ ಸರಿದಿತ್ತು. ಅವಳನ್ನು ಕಂಡು ಅವನ ಕೈಯ ಹಗ್ಗ ಸಡಿಲಾಯಿತು.

"ಹಣ್ಣು ಬೇಕಾಗಿತ್ತೇನ್ರಿ?" ದನಿ ಒಣಗಿತ್ತು.

"ಇಲ್ಲ. ಕೊನೆಯಿಲ್ಲ ಅಂತ ನನಗ್ಯಾಕ ಹೇಳಲಿಲ್ಲ ನೀವು?"

ಅವನು ನಕ್ಕ. ಕಹಿಯಾಗಿ.

"ಗೊತ್ತಿದ್ದವರಿಗೆ ಏನು ಹೇಳೂದ್ರಿ? ಓದೂದು ಬಿಟ್ಟು ಆಡಿದೆ ನಾ. ಒಂದು ಪೇಪರ್ ಹೋತು. ಪ್ರತಿ ಸಲ ಆ ಬಾಗಲಾ ತೆಗೀತಿತ್ತು, ಪ್ರತಿ ಸಲ ಮೊದಲಿಗೆ ತಂದು ನಿಂದರಸ್ತಿತ್ತು. ಆಮ್ಯಾಲೆ ತಿಳೀತು. ನೀವು ಎಷ್ಟೋ ಸಲ ಮುಗಿಸಿದವರು, ಒಲ್ಲೆ ಅಂತ ನೆಟ್ಟಗ ಅಂದಿದ್ರ ಸಾಕಿತ್ತಲ್ರಿ..."

"ನಾ ಎರಡನೇ ಸ್ಟೇಜ್ ಸೈತ ದಾಟಿದ್ದಿಲ್ಲ!"

ಅವನು ತಟ್ಟನೆ ಅವಳ ಕಡೆ ತಿರುಗಿದ.

"ಅವತ್ತು ಒದರಕೋತ ಬಂದಿರಲ್ಲ, ಆ ಸಿಟ್ಟಿಗೆ ಸುಳ್ಳು ಹೇಳಿದೆ. ನಿನ್ನಿ ತನಕ ಆ ತಗ್ಗು ನನಗ ದಾಟಾಕ ಬರ್ತಿದ್ದಿಲ್ಲ. ನೀವು ಹೇಳಿಕೊಟ್ಟಂಗ ಜಿಗಿದೆ, ದಾಟಿದೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಹೋಗೂ ಮುಂಚೆ ಒಂದು ಮಾತು ಬೈದು ಹೋಗಬೇಕಿಲ್ಲೇನ್ರಿ! ಬೈದಿದ್ರ ಅವತ್ತೇ ಗೊತ್ತಾಗ್ತಿತ್ತು!"

"ನೀವು ಒಂದು ಸಲ ಬಂದು ಕೇಳಬೇಕಿಲ್ಲೇನು? ಬಸ್ಸು ಆವಾಗೂ ಇದ್ವು!"

"ಇದ್ವು! ಸೊಕ್ಕೂ ಇತ್ತು!"

ಇಬ್ಬರೂ ಜಗಳ ಆಡುತ್ತಲೇ ಇದ್ದರು, ಇಬ್ಬರ ಕಣ್ಣಲ್ಲೂ ನೀರಿತ್ತು. ಏಳು ವರ್ಷ ಎದೆಯಲ್ಲೇ ಬೆಂದ ಸಿಟ್ಟು ಒಂದು ಮಾತಿಗೆ ಆರುತ್ತದೆಯೇ?

ಕೊನೆಗೆ ನರಸಿಂಹ ಮೆಲ್ಲಗೆ ಕೇಳಿದ.

"ಆ ಸಿನೆಮಾದಾಗ ಕೊನೆ ಏನಾಗಿತ್ತು? ನನಗ ನೆನಪೇ ಇಲ್ಲ. ನಾ ಪರದಾ ನೋಡಿದ್ದೇ ಕಮ್ಮಿ."

"ನನಗ ನೆನಪದ." ವೃಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ ಮ್ಯಾಲೆ ಮುಟ್ಟೂದ್ರಾಗ ಅಕಿ ಕಿಟಕಿಗೆ ಹಗ್ಗ ಕಟ್ಟಿ, ತಾನೇ ಕೆಳಗ ಇಳಿದು ಬಂದಿದ್ಲು."

"...ಹೌದೇನು?"

"ಹೂಂ. ಬಂದೀನಲ್ಲ, ನೋಡ್ರಿ."

ಅವನು ನೋಡಿದ. ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟು, ಕಣ್ತುಂಬ ನೋಡಿದ.

"ನನಗ ಇನ್ನೂ ಲಗ್ನ ಆಗಿಲ್ಲ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಬಸ್ಸಿನ್ಯಾಗ ಇಡೀ ದಾರಿ ವಿಠ್ಠಲಗ ಬೇಡಿಕೊಂಡು ಬಂದೀನಿ."

ಅವನ ನಗು ಈಗ ಕಹಿಯಾಗಿರಲಿಲ್ಲ.

"ಭಾನುವಾರ ಸೋಲಾಪುರದವರು ನನ್ನ ನೋಡಾಕ ಬರ್ತಾರ," ಎಂದಳು ವೃಂದಾ, ನೆಲ ನೋಡುತ್ತ.

"ಹಂಗಾದ್ರ ನಾವು ಶನಿವಾರ ಬರ್ತೀವಿ. ಅಪ್ಪನ್ನ ಕರಕೊಂಡು, ನಿಮ್ಮಣ್ಣನ ಹತ್ರ." ಅವನು ತಡೆದು ಕೇಳಿದ. "ಈ ಸಲ ಏನರೆ ಷರತ್ತು ಅದೇನು?"

"ಅದ. ಸಿಟ್ಟು ಬಂದ್ರ ಒದರ್ರಿ. ಸುಮ್ಮನ ಬೀಗ ಹಾಕಿಕೊಂಡು ಹೋಗಬ್ಯಾಡ್ರಿ."

ಕಲಬುರಗಿಯ ಬಸ್ಸು ಆಗಲೇ ಹೊರಟಿತ್ತು. ವೃಂದಾ ಓಡಿ ಹಿಡಿದಳು, ಕೊನೆಯ ಗಳಿಗೆಯಲ್ಲಿ ಮೆಟ್ಟಿಲಿಗೆ ಜಿಗಿದಳು.

"ಏ ವೃಂದಾ, ಬೀಳ್ತಿ! ಹುಷಾರು!" ಮೊದಲ ಸಲ 'ನೀವು' ಬಿಟ್ಟು ಕೂಗಿದ್ದು ಅವನಿಗೇ ಗೊತ್ತಾಗಲಿಲ್ಲ.

ಅವಳು ಬಾಗಿಲ ಸರಳು ಹಿಡಿದು, ಧೂಳಿನ ನಡುವೆ ತಿರುಗಿ ನಕ್ಕಳು.

"ಬೀಳೂದಿಲ್ರಿ! ಅಂಚಿನ ತನಕ ಬಂದೇ ಜಿಗಿದೀನಿ!"