ಮೂರು ಪರದೆ, ಒಂದೇ ಕೀಬೋರ್ಡು

ಫೈಲ್ ಮಾಯವಾಗಿತ್ತು. ಆಯುಧಪೂಜೆಯ ರಜೆ ಮುಗಿದು ಆಫೀಸು ತೆರೆದ ಬೆಳಿಗ್ಗೆ, ಗುರುದೇವಿ ತನ್ನ ಕಂಪ್ಯೂಟರೆಲ್ಲ ಹುಡುಕಿದಳು. ಸಂಜೆ ಗ್ರಾಹಕರಿಗೆ ತೋರಿಸಬೇಕಿದ್ದ ಕೆಲಸ — ರೀಸೈಕಲ್ ಬಿನ್ನಿನಲ್ಲೂ ಇರಲಿಲ್ಲ.

ಡುಬ್ಬದ ಮಾನಿಟರುಗಳ ಕಾಲವದು. ಪಕ್ಕದ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಯುವಾಗ ಮಾತು ಅರ್ಧಕ್ಕೇ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತಿದ್ದರು. ಏನು ದಿನಗಳಪ್ಪಾ ಅವು! ಆ ಪುಟ್ಟ ಆಫೀಸಿನಲ್ಲಿ ಒಂದೇ ಮೇಜು, ಮೂರು ಕಂಪ್ಯೂಟರು. ಕೀಬೋರ್ಡು, ಮೌಸು ಮಾತ್ರ ಒಂದೊಂದೇ. ಮೂರನ್ನೂ ಅದರಿಂದಲೇ ನಡೆಸುವ ಎರಡು ಸಾಫ್ಟ್‌ವೇರುಗಳನ್ನು ತಂದು, ಯಾವುದು ವಾಸಿಯೆಂದು ನೋಡುತ್ತಿದ್ದರು. ಒಂದರಲ್ಲಿ ಪರದೆ ಬದಲಿಸಲು ಪ್ರತಿ ಸಲವೂ ಗುಂಡಿ ಒತ್ತಬೇಕು. ಇನ್ನೊಂದರಲ್ಲಿ ಮೌಸಿನ ಬಾಣದ ಗುರುತು ಪರದೆಯ ಅಂಚು ದಾಟಿದರೆ ಸಾಕು, ಪಕ್ಕದ ಪರದೆಗೆ ಜಾರುತ್ತಿತ್ತು. ಮಾಲೀಕ ಕೌಸ್ತುಭನಿಗೆ ಈ ಜಾರುವುದರ ಹುಚ್ಚು.

"ನಿನ್ನ ಕಂಪ್ಯೂಟರ್‌ದಾಗಿಂದ ಹೋಗೈತಿ. ನೀನಲ್ಲದಿದ್ರ ಮತ್ಯಾರು?" ಎಂದ ಅವನು. "ಸಂಜೀಗೆ ಹೊಂಟುಬಿಡು. ನಾಳೆ ಬರಬ್ಯಾಡ."

"ನಾ ಏನೂ ಅಳಿಸಿಲ್ರಿ" ಎಂದಳು ಗುರುದೇವಿ. ಬೀದರಿನಿಂದ ಬಂದವಳಿಗೆ ಅದು ಮೊದಲ ನೌಕರಿ.

ಹಿರಿಯ ಸಹೋದ್ಯೋಗಿ ಮಂದಾಕಿನಿ ಕನ್ನಡಕ ಏರಿಸಿದಳು.

"ತಡೀರಿ ಸರ್. ಪೂಜಾ ದಿನ ಕೊನೀಗೆ ಹೋದವರು ಯಾರು?"

"ನಾನೇ."

"ಹೋಗೋಮುಂದ ಏನರ ಮಾಡಿದ್ರಿ?"

"ನಡುವಿನ ಪರದಿ ಮ್ಯಾಲಿನ ಹಳೇ ಫೋಟೋ ಅಳಿಸೀನಿ. ಪೂಜಾಕ್ಕಿಂತ ಮೊದಲೇ ಸೆಲೆಕ್ಟ್ ಮಾಡಿಟ್ಟಿದ್ದೆ. ಖಾಯಂ ಅಳಿಸೋ ಗುಂಡಿ ಒತ್ತಿ ಎದ್ದೆ. ಅದಕ್ಕೇನೀಗ?"

ಮಂದಾಕಿನಿ ನಡುವಿನ ಪರದೆಗೆ ಬಗ್ಗಿದಳು. ಫೋಟೋಗಳೆಲ್ಲ ಹಾಗೇ ಇದ್ದವು.

"ಇಲ್ಲೇ ಅದಾವಲ್ರಿ. ಹಂಗಾರ ನೀವು ಅಳಿಸಿದ್ದು ಏನು?"

ವಿಮಾನವೊಂದು ಗುಡುಗುತ್ತಾ ಇಳಿಯಿತು. ಎಲ್ಲರೂ ಕಾದರು. ಆಮೇಲೆ ಮಂದಾಕಿನಿ ಎಡ ಪರದೆಯಲ್ಲಿದ್ದ ಬಾಣವನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು. ಅದು ನಡುವಿನದಕ್ಕೆ ಬರಲಿಲ್ಲ — ನೇರ ಬಲತುದಿಯ ಗುರುದೇವಿಯ ಪರದೆಯಲ್ಲಿ ಮೂಡಿತು.

"ಪೂಜಾ ಮಾಡಾಕ ಮಾನಿಟರ್ ಇಳಿಸಿ ಒರಸಿ, ಕುಂಕುಮ ಹಚ್ಚಿದ್ವಿ. ವಾಪಸ್ ಇಡೋಮುಂದ ಅದಲುಬದಲ್ ಆಗ್ಯಾವು. ಮೊದಲು ಗುರುದೇವಿದು ನಡುವ ಇತ್ತು. ನಾವು ಜಾಗಾ ಬದಲಿಸಿದ್ವಿ, ಸಾಫ್ಟ್‌ವೇರ್‌ಗೆ ಯಾರು ಹೇಳಿದ್ರು? ನೀವು ಬಾಣಾ ಎಡದಿಂದ ಬಲಕ್ಕ ಸರಿಸಿದ್ರಿ. ನಿಮ್ಮ ಕಣ್ಣು ನಡುವಿನ ಪರದಿ ಮ್ಯಾಲೆ, ಒತ್ತಿದ ಗುಂಡಿ ಈಕಿ ಕಂಪ್ಯೂಟರ್‌ದಾಗ. ಅಲ್ಲಿ ಸೆಲೆಕ್ಟ್ ಆಗಿದ್ದು ಈ ಫೈಲು. ಅಳಿಸಿದವರು ನೀವೇ, ಸರ್."

ಕೌಸ್ತುಭ ಕುರ್ಚಿ ಎಳೆದು ಗುರುದೇವಿಯ ಪಕ್ಕ ಕೂತ. "ತಪ್ಪು ನಂದೈತಿ. ಹೋಗಬ್ಯಾಡವಾ. ಗ್ರಾಹಕರಿಗೆ ನಾಳೆ ಬರಾಕ ಹೇಳ್ತೀನಿ. ಮೊದಲಿಂದ ಮತ್ತ ಮಾಡೋಣು, ನೀ ಹೇಳ್ತಾ ಹೋಗು, ನಾ ಟೈಪ್ ಮಾಡ್ತೀನಿ."

ಗುಂಡಿ ಒತ್ತುವ ಸಾಫ್ಟ್‌ವೇರೇ ಉಳಿಯಿತು. ಗುರುದೇವಿಯೂ ಉಳಿದಳು. ಈಗ ಆ ಆಫೀಸಿಲ್ಲ, ಮಂದಾಕಿನಿಯೂ ಇಲ್ಲ. ಪ್ರತಿ ಆಯುಧಪೂಜೆಗೆ ಗುರುದೇವಿ ಮಾನಿಟರನ್ನು ಕದಲಿಸದೆ ಇದ್ದಲ್ಲೇ ಕುಂಕುಮ ಹಚ್ಚುತ್ತಾಳೆ. ಹಚ್ಚುವಾಗ ಮಂದಾಕಿನಿಯ ನೆನಪಾಗಿ ಕಣ್ಣು ತುಂಬುತ್ತದೆ.