ಕಾಣೆಯಾದ ಬಿಳಿ ಬೂಟುಗಳು

"ನನ್ನ ಬೂಟು! ನನ್ನ ಬೂಟೆಲ್ಲಿ?"

ಕ್ರೀಡಾಂಗಣದ ಒಳ ಓಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಉಡುಪು ಬದಲಿಸುವ ಕೋಣೆಯ ಬಾಗಿಲಲ್ಲಿ ಉಲ್ಯಾನಾ ಶುಬಿನಾ ನಿಂತಿದ್ದಳು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು, ಕೆನ್ನೆಗೆ ಬಣ್ಣ ಹಚ್ಚಿದ್ದಳು. ಕೈಯಲ್ಲಿ ಸ್ಕೇಟಿಂಗ್ ಬೂಟಿನ ಚೀಲ—ಖಾಲಿ.

ಚೆಲ್ಯಾಬಿನ್ಸ್ಕ್‌ನ ಕ್ರೀಡಾಂಗಣದಲ್ಲಿ ಅಂದು ರಷ್ಯಾ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಶಿಪ್‌ನ ಕೊನೆಯ ದಿನ. ಹುಡುಗಿಯರ ದೀರ್ಘ ಪ್ರದರ್ಶನ ಸಂಜೆಗೆ. ಕಿರು ಪ್ರದರ್ಶನದ ನಂತರ ಉಲ್ಯಾನಾ ಮೂರನೆಯವಳು. ಅವಳ ಬೆನ್ನಿಗೇ, ಕೂದಲೆಳೆಯಷ್ಟು ಅಂಕದ ಅಂತರದಲ್ಲಿ, ದಿಲ್ಯಾರಾ ಅಖ್ಮೆತೋವಾ. ಇಬ್ಬರೂ ಪೆರ್ಮ್ ಊರಿನವರು. ಇಬ್ಬರಿಗೂ ಒಬ್ಬನೇ ಗುರು, ಇಲ್ಲಿ ಹೋಟೆಲಿನಲ್ಲಿ ಒಂದೇ ಕೋಣೆ. ಮೂರನೆಯ ಸ್ಥಾನ ಸಿಕ್ಕವಳಿಗೆ ರಾಷ್ಟ್ರೀಯ ತಂಡದ ಬಾಗಿಲು ತೆರೆಯುತ್ತದೆ. ನಾಲ್ಕನೆಯವಳು ಮತ್ತೆ ರಷ್ಯಾ ಕಪ್ ಸ್ಪರ್ಧೆಯ ಹಂತಗಳಲ್ಲಿ ಊರೂರು ಸುತ್ತಬೇಕು, ರೈಲಿನಲ್ಲಿ ನಿದ್ದೆ ಮಾಡಬೇಕು, ಮುಂದಿನ ಡಿಸೆಂಬರಿಗೆ ಕಾಯಬೇಕು. ಅಷ್ಟರಲ್ಲಿ ಕೆಳಗಿನಿಂದ ಇನ್ನೂ ಚಿಕ್ಕ ಹುಡುಗಿಯರು ಏರಿ ಬಂದಿರುತ್ತಾರೆ.

ಕ್ರೀಡಾಂಗಣದ ಭದ್ರತೆ ತೈಸಿಯಾ ಗ್ಲೆಬೊವ್ನಾಳದು. ಬಹುಕಾಲ ಪೊಲೀಸ್ ತನಿಖಾಧಿಕಾರಿಯಾಗಿದ್ದು ನಿವೃತ್ತಳಾದ ಹೆಂಗಸು. ಆಕೆ ಬಂದವಳೇ ಬಾಗಿಲು ಮುಚ್ಚಿಸಿ ಕೋಣೆಯನ್ನು ಒಂದು ಸುತ್ತು ನೋಡಿದಳು.

ಬೀಗ ಮುರಿದಿರಲಿಲ್ಲ. ಬೆಂಚಿನ ಕೆಳಗೆ ಬೂಟಿನಡಿಯ ಉಕ್ಕಿನ ಅಲಗಿಗೆ ಹಾಕುವ ಪ್ಲಾಸ್ಟಿಕ್ ಒರೆಗಳು ಜೋಡಿಯಾಗಿ ಬಿದ್ದಿದ್ದವು. ಕೋಣೆ ಬೆಚ್ಚಗಿಡುವ ಬಿಸಿ ಕೊಳವೆಯ ಮೇಲೆ ಒಂದು ಟವೆಲ್. ಮುಟ್ಟಿ ನೋಡಿದಳು—ಇನ್ನೂ ಒದ್ದೆ.

"ಈ ಟವೆಲ್ ಯಾರದು?"

"ನಂದೇ," ಎಂದಳು ಉಲ್ಯಾನಾ.

"ಅಭ್ಯಾಸ ಮುಗಿಸಿ ಬಂದು ಅಲಗು ಒರೆಸಿದ್ಯಾ?"

"ಇಲ್ಲ. ಕಾಲು... ಅವಸರದಲ್ಲಿದ್ದೆ. ಒರೆ ಹಾಕಿ ಹಾಗೇ ಬಿಟ್ಟು ಊಟಕ್ಕೆ ಹೋದೆ."

"ಅಲಗಿನ ಬಟ್ಟೆ ಗವುಸು?"

"ಚೀಲದಲ್ಲಿತ್ತು. ಅದೂ ಇಲ್ಲ."

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಉಲ್ಯಾನಾಳ ತಾಯಿ ಲಾರಿಸಾ ವಿಕ್ಟೊರೊವ್ನಾ! ಹೆಗಲಿಗೆ ದೊಡ್ಡ ಚೀಲ, ಮುಖ ಕೆಂಪು. ಪೆರ್ಮ್‌ನ ಸ್ಕೇಟಿಂಗ್ ಅಂಗಳದಲ್ಲಿ ಈಕೆಯ ದನಿಗೆ ತೀರ್ಪುಗಾರರೂ ಹೆದರುತ್ತಾರೆಂದು ಪ್ರತೀತಿ.

"ಏನ್ರೀ ಇದು? ಭದ್ರತೆ ಅಂತೆ ಭದ್ರತೆ! ಬೆಕ್ಕು ಬಂದು ಹೋದ್ರೂ ನಿಮಗೆ ಗೊತ್ತಾಗಲ್ಲ! ಆ ಕಾವಲುಗಾರ ಫೋನಲ್ಲಿ ಆಟ ಆಡ್ಕೊಂಡು ಕೂತಿದ್ದ, ನಾನೇ ನೋಡಿದೀನಿ!"

"ನೀವು ಒಳಗೆ ಬಂದಿದ್ರಾ?"

"ಬರದೆ? ಮಗಳಿಗೆ ಬಿಸಿ ಗಂಜಿ ಯಾರು ತರ್ತಾರೆ, ನೀವಾ? ಮೇಜಿನ ಮೇಲಿಟ್ಟು ಹೋದೆ."

ಗುರು ಕಿರಿಲ್ ಯೆಗೊರೊವಿಚ್ ಗೋಡೆಗೊರಗಿ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಹೊಸ ಬೂಟು ಕಾಲಿಗೆ ಪಳಗಲು ವಾರಗಳೇ ಬೇಕು. ಇನ್ನೊಬ್ಬರ ಬೂಟಿನಲ್ಲಿ ಮೂರು ಸುತ್ತಿನ ಜಿಗಿತವೆಂದರೆ ಕಾಲು ಮುರಿದುಕೊಂಡಂತೆಯೇ. ಅವನು ತಗ್ಗಿದ ದನಿಯಲ್ಲಿ ಹೇಳಿದ: "ತೈಸಿಯಾ ಗ್ಲೆಬೊವ್ನಾ, ಹೇಳೋಕೆ ಕಷ್ಟ ಆಗ್ತಿದೆ. ಕೋಣೇಲಿ ಕೊನೆಗೆ ಇದ್ದವಳು ದಿಲ್ಯಾರಾ. ಓಣಿಯಲ್ಲಿ ಆಗಲೇ ಎಲ್ಲರೂ ಮಾತಾಡ್ಕೊಳ್ತಿದಾರೆ."

"ಆ ಹುಡುಗಿ ಸುದ್ದಿಗೆ ಹೋಗ್ಬೇಡಿ!" ಲಾರಿಸಾ ಗದರಿದಳು. "ಅವಳಲ್ಲ."

"ಮತ್ಯಾರು?"

"ನನಗೇನ್ ಗೊತ್ತು? ಹುಡುಕೋದು ನಿಮ್ ಕೆಲಸ!"

ತೈಸಿಯಾ ದಿಲ್ಯಾರಾಳನ್ನು ಕರೆಸಿದಳು.

ಹುಡುಗಿ ಬೂಟು ಕಟ್ಟಿಕೊಂಡೇ ಬಂದಳು, ಅತ್ತು ಕಣ್ಣು ಊದಿತ್ತು. ಕೂತವಳು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ನೀನು ತಗೊಂಡ್ಯಾ?"

"ಇಲ್ಲ."

"ಅವಳು ಆಡದೇ ಇದ್ರೆ ಲಾಭ ಯಾರಿಗೆ?"

"ನನಗೇ. ಗೊತ್ತು." ತಲೆಯೆತ್ತಿದಳು. "ನನಗೆ ಆ ಜಾಗ ಬೇಕು, ಸುಳ್ಯಾಕೆ ಹೇಳ್ಲಿ? ಆದ್ರೆ ಅವಳು ಆಡಿದ ಮೇಲೆ ಬೇಕು. ಅವಳನ್ನ ಮನೇಲಿ ಕೂರಿಸಿ ಗೆದ್ದವಳು ಅಂತ ಅನ್ನಿಸ್ಕೊಂಡು ತಂಡದಲ್ಲಿ ಹೇಗೆ ಮುಖ ತೋರಿಸ್ಲಿ?"

"ನೀವಿಬ್ರೂ ಒಂದೇ ಕೋಣೇಲಿ ಮಲಗ್ತೀರಿ. ಅವಳಲ್ಲಿ ಏನಾದ್ರೂ ಬದಲಾವಣೆ ಕಂಡ್ಯಾ?"

ದಿಲ್ಯಾರಾ ಮುಖ ತಿರುಗಿಸಿದಳು. ಕಣ್ಣಲ್ಲಿ ಮತ್ತೆ ನೀರು ತುಂಬಿತು.

"ಹೇಳಮ್ಮ."

"ಮೆಟ್ಟಿಲು ಇಳಿಯೋವಾಗ ಪಕ್ಕಕ್ಕೆ ತಿರುಗಿ ಇಳೀತಾಳೆ. ಬೆಳಿಗ್ಗೆ ಹಿಮ್ಮಡಿ ಮೇಲೇ ನಡೀತಾಳೆ. ನೋವಿನ ಮಾತ್ರೆ ನುಂಗ್ತಾಳೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದಾಳೆ. ಗುರುಗಳಿಗೆ ಹೇಳಿದ್ರೆ... ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರಲ್ಲ?"

ತೈಸಿಯಾಳ ಹುಬ್ಬು ಮೆಲ್ಲಗೆ ಮೇಲೇರಿತು. ಹುಡುಗಿಯ ಭುಜ ತಟ್ಟಿ ಕಳಿಸಿದಳು. ಒಂದೆರಡು ನಿಮಿಷ ಒರೆಗಳನ್ನು ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಎದ್ದು ಓಣಿಗೆ ಬಂದಳು.

ಉಲ್ಯಾನಾ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. ಕಿರಿಲ್ ಅತ್ತಿಂದಿತ್ತ ನಡೆಯುತ್ತಿದ್ದ. ಲಾರಿಸಾ ಕಾವಲುಗಾರನ ಮೈಮೇಲೆ ಬೀಳುವಂತೆ ಕೂಗುತ್ತಿದ್ದಳು.

"ಉಲ್ಯಾನಾ," ತೈಸಿಯಾ ಕೇಳಿದಳು, "ನಿನ್ನ ಸಾಮಾನು ಕಟ್ಟೋದು ಯಾರು?"

"ಅಮ್ಮ. ಯಾವಾಗ್ಲೂ ಅಮ್ಮನೇ."

"ಏನೇನು ಹಾಕ್ತಾರೆ?"

"ಎಲ್ಲಾ ಎರಡೆರಡು." ಕಿರಿಲ್ ನಡುವೆ ಬಾಯಿ ಹಾಕಿದ. "ಎರಡು ಉಡುಪು, ಎರಡು ಸೂಜಿ ಡಬ್ಬಿ, ಹಾಡಿನ ಎರಡು ಪ್ರತಿ. ನಮ್ಮ ಗುಂಪಿನಲ್ಲಿ ಯಾರಿಗೆ ಏನು ಬೇಕಾದ್ರೂ ಲಾರಿಸಾ ಹತ್ರ ಹೋಗ್ತೀವಿ."

"ಹಾಗಾದ್ರೆ ಹಳೇ ಬೂಟು?"

ಕಿರಿಲ್‌ನ ನಡಿಗೆ ನಿಂತಿತು.

"ಹೋದ ಋತುವಿನ ಬೂಟು," ತೈಸಿಯಾ ಮುಂದುವರಿಸಿದಳು. "ಪಳಗಿದ್ದು. ಎಲ್ಲ ಹುಡುಗೀರೂ ಜೊತೆಗೆ ತರ್ತಾರೆ. ಇವತ್ತು ಇಲ್ಲಿ ಇಷ್ಟು ಗಲಾಟೆ ಆಯ್ತು. ಭದ್ರತೆಗೆ ಬೈದಿದ್ದಾಯ್ತು, ಕಾವಲುಗಾರನಿಗೆ ಬೈದಿದ್ದಾಯ್ತು. ಹೋಟೆಲಿಗೆ ಓಡಿ ಹಳೇ ಬೂಟು ತನ್ನಿ ಅಂತ ನೀವ್ಯಾಕೆ ಹೇಳ್ಲಿಲ್ಲ, ಲಾರಿಸಾ ವಿಕ್ಟೊರೊವ್ನಾ?"

"ಅದು... ಊರಲ್ಲೇ ಉಳೀತು. ಮರ್ತೆ."

"ಇಲ್ಲಮ್ಮ," ಉಲ್ಯಾನಾ ನಿಧಾನವಾಗಿ ಹೇಳಿದಳು. "ಪೆಟ್ಟಿಗೇಲಿತ್ತು. ಇಲ್ಲಿಗೆ ಬಂದ ದಿನ ನಾನೇ ನೋಡ್ದೆ."

ಲಾರಿಸಾಳ ಕೈ ಹೆಗಲ ಚೀಲವನ್ನು ಬಿಗಿಹಿಡಿಯಿತು.

"ಕೆಡಿಸೋಕೆ ಬಂದವನು ಅಲಗು ಒರೆಸ್ತಾನಾ?" ತೈಸಿಯಾಳ ದನಿಯಲ್ಲಿ ಗಡಸು ಇರಲಿಲ್ಲ. "ಬೂಟು ಕದ್ದೋರು ಒರೆ ತೆಗೆದು, ತುಕ್ಕು ಹಿಡೀಬಾರ್ದು ಅಂತ ಅಲಗು ಒರೆಸಿ, ಬಟ್ಟೆ ಗವುಸು ತೊಡಿಸಿ, ಟವೆಲ್ಲನ್ನ ಒಣಗೋಕೆ ಹಾಕಿ ಹೋಗಿದಾರೆ. ಕೈಗೆ ರೂಢಿ ಆಗಿರೋ ಕೆಲಸ, ಯೋಚಿಸದೇ ಮಾಡಿದ್ದು. ದಿಲ್ಯಾರಾಗೂ ಆ ರೂಢಿ ಇರಬಹುದು. ಆದ್ರೆ ಹೋಟೆಲಿನ ಪೆಟ್ಟಿಗೆಯಿಂದ ಹಳೇ ಬೂಟನ್ನೂ ಎತ್ತಿಟ್ಟು, ಅದು ಊರಲ್ಲಿದೆ ಅಂತ ಸುಳ್ಳು ಹೇಳೋ ಕಾರಣ ಅವಳಿಗಿಲ್ಲ. ಇನ್ನೊಂದು ಮಾತು. ಎಲ್ಲರೂ ಅವಳ ಮೇಲೆ ಬೆರಳು ತೋರಿಸಿದಾಗ, ಅವಳಲ್ಲ ಅಂತ ಅಷ್ಟು ಖಚಿತವಾಗಿ ಹೇಳಿದವರು ಒಬ್ಬರೇ. ಯಾರು ಮಾಡಿದ್ದು ಅಂತ ಗೊತ್ತಿದ್ದವರು."

ಲಾರಿಸಾ ಬೆಂಚಿನ ಮೇಲೆ ಕುಸಿದಳು. ಚೀಲದಿಂದ ಸೂಜಿ ಡಬ್ಬಿ ತೆಗೆದಳು, ಥರ್ಮಾಸು ತೆಗೆದಳು. ಅಡಿಯಲ್ಲಿ, ಉಣ್ಣೆಯ ಶಾಲಿನಲ್ಲಿ ಸುತ್ತಿದ ಬಿಳಿ ಬೂಟುಗಳು.

"ಅಮ್ಮಾ?" ಉಲ್ಯಾನಾ ಎದ್ದು ನಿಂತಳು. "ನೀನಾ? ನೀನು?"

"ಮೊನ್ನೆ ನಿನ್ನ ಪಾದ ಒತ್ತುವಾಗ ನೀನು ದಿಂಬು ಕಚ್ಚಿದೆ. ನನಗೆ ಕಾಣ್ಲಿಲ್ಲ ಅಂತ ನೀನು ಅನ್ಕೊಂಡೆ."

"ಹೇಳ್ಬಹುದಿತ್ತಲ್ಲ! ಬಾಯಿ ಇರ್ಲಿಲ್ವಾ?"

"ಏನಂತ ಹೇಳ್ಲಿ?" ಊರನ್ನೇ ನಡುಗಿಸುವ ದನಿ ಈಗ ಪಿಸುಗುಟ್ಟುತ್ತಿತ್ತು. "ನೀನು ನಾಲ್ಕು ವರ್ಷದವಳಿದ್ದಾಗಿಂದ 'ಎದ್ದೇಳು, ಇನ್ನೊಂದ್ಸಲ' ಅಂದ ಬಾಯಿ ಇದು. 'ಸಾಕು, ಕೂತ್ಕೋ' ಅನ್ನೋಕೆ ಹೋದೆ. ಬರ್ಲೇ ಇಲ್ಲ. ಬಂದಿದ್ರೂ ನೀನು ನಂಬ್ತಿದ್ಯಾ? ನನ್ನನ್ನ ಸಂತೋಷಪಡಿಸೋಕೆ ಅಂತಲೇ ಹೋಗಿ ಕಾಲು ಮುರ್ಕೊಳ್ತಿದ್ದೆ."

"ನನ್ನ ಜಾಗ ಅದು! ನಂದು, ನಿಂದಲ್ಲ!"

"ಹೌದು. ನಿಂದೇ." ಲಾರಿಸಾ ಬೂಟುಗಳನ್ನು ಮಗಳ ಮುಂದೆ ನೆಲದ ಮೇಲಿಟ್ಟಳು. "ತಗೋ. ಇನ್ನೂ ಹೊತ್ತಿದೆ."

ಕಿರಿಲ್ ಏನೋ ಹೇಳಹೊರಟ. ತೈಸಿಯಾ ಅವನ ತೋಳು ಹಿಡಿದು ತಡೆದಳು.

ಉಲ್ಯಾನಾ ಎಡ ಬೂಟು ಹಾಕಿ ದಾರ ಬಿಗಿದಳು. ಬಲ ಬೂಟಿಗೆ ಕಾಲು ತೂರಿಸಿದಳು. ತುಟಿ ಕಚ್ಚಿ ದಾರ ಎಳೆದಳು. ಎದ್ದಳು—ನಿಂತಳು. ಒಂದು ಹೆಜ್ಜೆ. ಮುಖದ ಬಣ್ಣದಡಿ ರಕ್ತವೆಲ್ಲ ಇಳಿದುಹೋಯಿತು. ಗೋಡೆ ಹಿಡಿದು ಇನ್ನೊಂದು ಹೆಜ್ಜೆ ಇಟ್ಟಳು. ಒಳಗೆ ಅಂಗಳದಲ್ಲಿ ಯಾರದೋ ಹಾಡು ಮುಗಿದು ಚಪ್ಪಾಳೆ ಕೇಳಿಸಿತು. ಹುಡುಗಿ ಆ ಚಪ್ಪಾಳೆ ನಿಲ್ಲುವವರೆಗೂ ಕಣ್ಮುಚ್ಚಿ ನಿಂತಿದ್ದಳು. ಆಮೇಲೆ ಬೆಂಚಿನ ಮೇಲೆ ಕೂತು ಕಾಲು ಮುಂದೆ ಚಾಚಿದಳು.

"ಅಮ್ಮಾ, ಬಿಚ್ಚು. ನನ್ನ ಕೈಲಿ ಆಗ್ತಿಲ್ಲ."

ಲಾರಿಸಾ ಮೊಣಕಾಲೂರಿ ಕೂತಳು. ಗಂಟು ಹುಡುಕಿ ಬಿಚ್ಚಿ, ದಾರವನ್ನು ಮೆಲ್ಲಗೆ ಸಡಿಲಿಸಿದಳು.

ಪಾದದ ಎಲುಬಿನಲ್ಲಿ ಬಿರುಕು ಬಿಟ್ಟಿದೆ ಎಂದರು ವೈದ್ಯರು. ಇನ್ನೊಂದು ಜಿಗಿತ ಹಾರಿದ್ದರೆ ಎರಡು ತುಂಡಾಗುತ್ತಿತ್ತಂತೆ. ಕಿರಿಲ್ ಎಕ್ಸ್-ರೇ ಚಿತ್ರ ಹಿಡಿದು ತಂಡದ ಆಯ್ಕೆ ಸಮಿತಿಯ ಮುಂದೆ ನಿಂತ. ಋತುವಿನುದ್ದಕ್ಕೂ ಅವಳು ಗಳಿಸಿದ ಅಂಕ ನೋಡಿ, ಮೀಸಲು ತಂಡಕ್ಕೆ ಹೆಸರು ಪರಿಶೀಲಿಸುತ್ತೇವೆ, ಸೆಪ್ಟೆಂಬರಿನ ಪರೀಕ್ಷಾ ಪ್ರದರ್ಶನಕ್ಕೆ ಬಂದು ತೋರಿಸಲಿ ಎಂದರು. ಅದಕ್ಕಿಂತ ಹೆಚ್ಚು ಯಾರೂ ಮಾತು ಕೊಡಲಿಲ್ಲ.

ಆ ಸಂಜೆ ದಿಲ್ಯಾರಾಳನ್ನು ಅಂಗಳಕ್ಕೆ ಕರೆಯುವ ಮುನ್ನ ಲಾರಿಸಾ ಎಲ್ಲ ತಾಯಂದಿರು ನೆರೆದಿದ್ದ ಓಣಿಗೆ ಹೋದಳು. "ಕೇಳಿಸ್ಕೊಳ್ಳಿ! ಬೂಟು ಬಚ್ಚಿಟ್ಟವಳು ನಾನು. ಆ ಹುಡುಗಿ ಬಗ್ಗೆ ಇನ್ನೊಂದ್ ಮಾತು ಯಾರ ಬಾಯಿಂದ ಬಂದ್ರೂ ನನ್ನ ಬಾಯಿ ಏನಂತ ನಿಮಗೆ ಗೊತ್ತು!"

ದಿಲ್ಯಾರಾ ಒಂದು ಜಿಗಿತದಲ್ಲಿ ಕೈ ಊರಿದಳು. ಉಳಿದದ್ದೆಲ್ಲ ನೀರಿನಂತೆ ಹರಿಯಿತು. ಅಂಕ ಬಂದಾಗ ಅವಳ ಹೆಸರು ಮೂರನೆಯ ಸಾಲಿನಲ್ಲಿತ್ತು. ಆದರೆ ಅವಳು ಅಂಕದ ಹಲಗೆಯತ್ತ ನೋಡುತ್ತಿರಲಿಲ್ಲ. ಪ್ರೇಕ್ಷಕರ ಮೇಲಿನ ಸಾಲುಗಳಲ್ಲಿ ಯಾರನ್ನೋ ಹುಡುಕುತ್ತಿದ್ದಳು. ಅಲ್ಲಿ, ಕಾಲಿಗೆ ಪಟ್ಟಿ ಕಟ್ಟಿಕೊಂಡ ಉಲ್ಯಾನಾ ತಾಯಿಯ ಹೆಗಲಿಗೆ ಒರಗಿ ಅಳುತ್ತಲೇ, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದಳು.