ವಿಲ್ಬರನ ಜವಳ

ಇಪ್ಪತ್ತೆರಡನೇ ಸ್ಲೈಡಿನವರೆಗೆ ಯಾಮಿನಿಯ ಪಾಲಿಗೆ ಎಲ್ಲವೂ ಸರಿಯಾಗಿಯೇ ಇತ್ತು.

2016ರ ಮಾರ್ಚ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ. ಇಂಗ್ಲೆಂಡಿನ ಬೀಸ್ಟನ್ ಊರಿನ ಪಕ್ಕದ ವಿಶ್ವವಿದ್ಯಾಲಯ, ಭೂಗೋಳ ವಿಭಾಗದ ಸೆಮಿನಾರ್ ಕೋಣೆ. ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ ಎಂಟು ತಿಂಗಳು ಕಳೆದು ಬಂದಿದ್ದ ಪೃಥ್ವಿ ಪರದೆಯ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದ. ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು, ತುಟಿ ಒಡೆದಿತ್ತು, ಅಂಗಿ ಯಾರದೋ ಅಣ್ಣನದ್ದೆಂಬಂತೆ ಜೋತುಬಿದ್ದಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಯಾಮಿನಿಗೆ ಅವನು ಇಷ್ಟು ಚೆನ್ನಾಗಿ ಹಿಂದೆಂದೂ ಕಂಡಿರಲಿಲ್ಲ.

ಅವನು ತೋರಿಸುತ್ತಿದ್ದ ಜಿಲ್ಲೆಗೆ ಅವಳು ಕಾಲಿಟ್ಟವಳಲ್ಲ. ಆದರೆ ಅದರ ಮೂಲೆಮೂಲೆಯೂ ಅವಳಿಗೆ ಗೊತ್ತಿತ್ತು. ಅವನು ಅಲ್ಲಿ ಅಲೆದು ಜಿಪಿಎಸ್ ಬಿಂದುಗಳನ್ನು ಕಳಿಸುತ್ತಿದ್ದ, ಅವಳು ಇಲ್ಲಿ ಕೂತು ನಕ್ಷೆ ಮಾಡುತ್ತಿದ್ದಳು. ಸಮುದ್ರದಿಂದ ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಬಯಲು. ಹೆಸರಿಗೊಂದು ಮರವಿಲ್ಲ. ಇಚು ಎಂಬ ಒರಟು ಹುಲ್ಲು, ನಡುನಡುವೆ ಉಪ್ಪುನೀರಿನ ಕೆರೆಗಳು. ಬಂಡೆಗಳ ಮೇಲೆ ಕೂತು ಬಿಸಿಲು ಕಾಯಿಸುವ ವಿಸ್ಕಾಚಾ, ನೋಡಲು ಮೊಲ, ಬಾಲ ಮಾತ್ರ ಅಳಿಲಿನದು. ಎಲ್ಲಕ್ಕಿಂತ ಮುಖ್ಯವಾಗಿ ವಿಕುನ್ಯಾಗಳು: ಒಂಟೆಯ ದೂರದ ನೆಂಟರು, ಆದರೆ ಜಿಂಕೆಯಂಥ ಮೈಕಟ್ಟು, ಜೇನಿನ ಬಣ್ಣ. ಅವು ಎಲ್ಲಿ ಮೇಯುತ್ತವೆ, ಎಲ್ಲಿ ನೀರು ಕುಡಿಯುತ್ತವೆ ಎಂದು ಗುರುತಿಸುವುದೇ ಇವರ ಪ್ರಾಜೆಕ್ಟು.

ಬಿಂದುಗಳ ಪಟ್ಟಿಯ ಕೊನೆಗೆ ‘ರಿಮಾರ್ಕ್ಸ್’ ಎಂಬ ಕಾಲಂ ಇತ್ತು. ಪ್ರೊಫೆಸರರಿಗೆ ಓದಲು ಬಾರದೆಂಬ ಧೈರ್ಯದ ಮೇಲೆ ಪೃಥ್ವಿ ಅದನ್ನು ಕನ್ನಡದಲ್ಲಿ ತುಂಬುತ್ತಿದ್ದ.

‘ಬಿಂದು 214. ಕೆರೆ. ನೀನು ನೀಲಿ ಬಣ್ಣ ಹಾಕಿದ್ದೀಯ, ತಪ್ಪು. ಬೆಳಿಗ್ಗೆ ಫ್ಲೆಮಿಂಗೋ ಬಂದಮೇಲೆ ಇದು ಗುಲಾಬಿ.’

‘ಬಿಂದು 231. ವಿಕುನ್ಯಾ ಸಂಸಾರ. ಒಂದು ಗಂಡು, ಐದು ಹೆಣ್ಣು. ಗಂಡಿಗೆ ಮೇಯಲೂ ಪುರುಸೊತ್ತಿಲ್ಲ, ಪಾಪ.’

‘ಬಿಂದು 260. ಉಸಿರು ಸಿಗ್ತಿಲ್ಲ. ಎತ್ತರ ಒಂದೇ ಕಾರಣ ಅಲ್ಲ ಅನ್ಸತ್ತೆ.’

ಆ 260ನ್ನು ಯಾಮಿನಿ ಎಷ್ಟು ಸಲ ಓದಿದ್ದಳೋ ಅವಳಿಗೇ ತಿಳಿಯದು. ಪಕ್ಕದಲ್ಲಿ ‘ಹಾಗಾದರೆ ಡಾಕ್ಟರಿಗೆ ತೋರಿಸು’ ಎಂದು ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದ್ದಳು. ಪ್ರೀತಿ ಎಂಬ ಪದ ಮಾತ್ರ ಯಾವ ಕಾಲಮ್ಮಿನಲ್ಲೂ ಬಂದಿರಲಿಲ್ಲ.

ಅದು ಈವತ್ತು ಬರುವುದಿತ್ತು. ಮೇ ತಿಂಗಳಲ್ಲಿ ಶುರುವಾಗುವ ಎರಡನೇ ಸುತ್ತಿಗೆ ಪೃಥ್ವಿಯ ಜೊತೆ ನಕ್ಷೆಯವರೊಬ್ಬರು ಹೋಗಬೇಕೆಂದು ಪ್ರೊಫೆಸರರು ಯಾಮಿನಿಯನ್ನು ಕೇಳಿದ್ದರು. ಎಂಟು ತಿಂಗಳು, ಆ ಬಯಲು, ಅವನು. ಉತ್ತರ ಕೊಡಲು ಕೊನೆಯ ಗಡುವು ಇದೇ ಸಂಜೆ ಐದು ಗಂಟೆ. ಸೆಮಿನಾರ್ ಮುಗಿಯುತ್ತಲೇ ಮೊದಲು ಪೃಥ್ವಿಗೆ ‘ನಾನೂ ಬರ್ತೀನಿ’ ಎನ್ನಬೇಕು, ಅವನ ಮುಖ ನೋಡಿಕೊಂಡು ಉಳಿದದ್ದನ್ನೂ ಹೇಳಬೇಕು ಎಂದು ಅವಳು ಒಂದು ವಾರದಿಂದ ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದಳು.

ಇಪ್ಪತ್ಮೂರನೇ ಸ್ಲೈಡ್ ಬಂತು.

ಮಣ್ಣಿನ ಗೋಡೆಯ ಅಂಗಳ. ಕುರ್ಚಿಯಲ್ಲಿ ಪೃಥ್ವಿ, ಕೊರಳಲ್ಲಿ ಹೂವಿನ ಹಾರ. ತೊಡೆಯ ಮೇಲೆ ಎರಡು ವರ್ಷದ ಕೆಂಪು ಕೆನ್ನೆಯ ಗಂಡುಮಗು, ಬೆನ್ನಿನ ತನಕ ಇಳಿದ ಜಡೆಗಟ್ಟಿದ ಕೂದಲು. ಪೃಥ್ವಿಯ ಕೈಯಲ್ಲಿ ರಿಬ್ಬನ್ ಕಟ್ಟಿದ ಕತ್ತರಿ. ಅವನಿಗೆ ತಾಗಿಕೊಂಡಂತೆ ನಿಂತ ಚೆಲುವೆಯೊಬ್ಬಳು, ಎರಡು ಉದ್ದ ಜಡೆ, ತಲೆಗೆ ಹ್ಯಾಟು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕತ್ತರಿಸಿದ ಕೂದಲು. ಇಬ್ಬರ ಮುಖದಲ್ಲೂ ತುಂಬು ನಗೆ.

ಯಾಮಿನಿಯ ಎದೆ ಧಸಕ್ಕೆಂದಿತು.

ಕೋಣೆಯಲ್ಲಿದ್ದ ಇಂಗ್ಲಿಷರಿಗೆ ಅದೊಂದು ಮುದ್ದಾದ ಫೋಟೋ. ದಾವಣಗೆರೆಯ ಹುಡುಗಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದು ಜವಳ. ಮಗುವಿನ ಮೊದಲ ಕೂದಲು ತೆಗೆಸುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವವರು ಇಬ್ಬರೇ: ಸೋದರಮಾವ, ಇಲ್ಲವೇ ಅಪ್ಪ. ಪೃಥ್ವಿಯ ಒಬ್ಬಳೇ ತಂಗಿ ಆಶ್ರಿತಾ ಡರ್ಬಿಯಲ್ಲಿದ್ದಾಳೆ, ಇನ್ನೂ ಮದುವೆಯಾಗಿಲ್ಲ. ಅಂದಮೇಲೆ ಉಳಿದದ್ದು ಒಂದೇ. ಅವನು ಮೊದಲ ಸಲ ಆ ಊರಿಗೆ ಹೋಗಿದ್ದು ಈ ಪ್ರಾಜೆಕ್ಟಿಗೂ ಮುಂಚೆ, 2013ರಲ್ಲಿ, ಮಗುವಿಗೆ ಈಗ ಎರಡು ವರ್ಷ. ಕೂಡಿಸಿ ಕಳೆಯುವುದಕ್ಕೆ ಅವಳಿಗೆ ಕ್ಯಾಲ್ಕುಲೇಟರ್ ಬೇಕಾಗಲಿಲ್ಲ.

ಸಾಲದೆಂಬಂತೆ ಪೃಥ್ವಿ ತಡವರಿಸಿದ. “ಸಾರಿ, ಇದು ಪರ್ಸನಲ್, ತಪ್ಪಿ ಸೇರಿಬಿಟ್ಟಿದೆ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಕಿವಿಯವರೆಗೂ ಕೆಂಪಾಗಿ, ಕಳ್ಳನ ಹಾಗೆ ಒಮ್ಮೆ ಯಾಮಿನಿಯ ಕಡೆ ನೋಡಿ ಮುಂದಿನ ಸ್ಲೈಡಿಗೆ ಹಾರಿದ. ಆ ಒಂದು ನೋಟಕ್ಕೆ ಅವಳಲ್ಲಿ ಉಳಿದಿದ್ದ ಚೂರುಪಾರು ಅನುಮಾನವೂ ಹೋಯಿತು. ಆಮೇಲೆ ಪರದೆಯ ಮೇಲೆ ಏನೇನು ಬಂತೋ ಅವಳಿಗೆ ಕಾಣಲಿಲ್ಲ, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಮೇಜಿನ ಕೆಳಗೆ ಫೋನು ಹಿಡಿದು ಪ್ರೊಫೆಸರರಿಗೆ ಎರಡು ಸಾಲು ಬರೆದಳು. ಕ್ಷಮಿಸಿ, ಎರಡನೇ ಸುತ್ತಿಗೆ ನಾನು ಹೋಗುವುದಿಲ್ಲ. ಚಪ್ಪಾಳೆಯ ಸದ್ದು ಮುಗಿಯುವ ಮೊದಲೇ ಬಾಗಿಲು ದಾಟಿ ಟ್ರಾಮ್ ನಿಲ್ದಾಣದಲ್ಲಿದ್ದಳು. ಟ್ರಾಮ್ ಬರುವಷ್ಟರಲ್ಲಿ ಉತ್ತರವೂ ಬಂತು: ಬೇಸರವಾಯಿತು, ಆದರೆ ಆ ಜಾಗವನ್ನು ಸ್ಕಂದನಿಗೆ ಕೊಟ್ಟಿದ್ದೇನೆ. ಬೆನ್ನಿಗೇ ಸ್ಕಂದನ ಮೆಸೇಜು. ಒಂದು ವರ್ಷದಿಂದ ಆ ಅವಕಾಶಕ್ಕೆ ಕಾದಿದ್ದ ಪಿಎಚ್‌ಡಿ ವಿದ್ಯಾರ್ಥಿ ಅವನು. ‘ಥ್ಯಾಂಕ್ಸ್ ಅಕ್ಕ. ಅಮ್ಮನಿಗೆ ಫೋನ್ ಮಾಡಿ ಹೇಳ್ದೆ, ಅಳ್ತಾ ಇದಾರೆ.’

ಅಳುವವರ ಸಾಲಿನಲ್ಲಿ ತಾನೂ ಇದ್ದೇನೆಂದು ಅವನಿಗೆ ಬರೆಯುವುದು ಹೇಗೆ?

ಯಾಮಿನಿ ಬಾಡಿಗೆಗಿದ್ದದ್ದು ಬೀಸ್ಟನ್ನಿನಲ್ಲಿ, ಡಾಕ್ಟರ್ ಹೇಮಲತಾ ಅವರ ಮಾಳಿಗೆಯ ಕೋಣೆಯಲ್ಲಿ. ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ರೋಗಿಗಳನ್ನು ನಿದ್ದೆಗೆ ಕಳಿಸುವುದೇ ಕೆಲಸವಾದ್ದರಿಂದಲೋ ಏನೋ, ಮನೆಗೆ ಬಂದರೆ ಯಾರನ್ನೂ ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಪೃಥ್ವಿ ಪೆರುವಿನಿಂದ ಬಂದನೆಂದು ಶನಿವಾರದ ಊಟಕ್ಕೆ ಅವನನ್ನು ವಾರದ ಹಿಂದೆಯೇ ಕರೆದಿದ್ದರು.

“ಯಾಕವಾ, ಮಾರಿ ಹಿಂಗ ಮಾಡ್ಕೊಂಡೀ? ಅಂವಾ ಬರೂದು ಗೊತ್ತಿಲ್ಲೇನು?” ಎಂದರು ಮರುದಿನ ರೊಟ್ಟಿ ಬಡಿಯುತ್ತ.

“ಗೊತ್ತು ಹೇಮಕ್ಕ. ತಲೆನೋವು.”

“ನಿನ್ನಿಯಿಂದ ತಲಿನೋವು, ಮೊನ್ನಿತನಕ ಹಾಡು. ನಾನೂ ಡಾಕ್ಟರ್ ಇದ್ದೀನಿ, ನೆನಪಿರ್ಲಿ.”

ಬಾಗಿಲ ಕರೆಗಂಟೆ ಸದ್ದಾಯಿತು. ಪೃಥ್ವಿ ಒಳಗೆ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತ. ಅವಳನ್ನು ನೋಡಿದ, ಕಣ್ಣು ತಗ್ಗಿಸಿದ, ಮತ್ತೆ ನೋಡಿದ. ಬೇರೆ ದಿನವಾಗಿದ್ದರೆ ಆ ಎರಡನೇ ನೋಟದ ನೆನಪಿನಲ್ಲೇ ಯಾಮಿನಿ ಒಂದು ವಾರ ಬದುಕುತ್ತಿದ್ದಳು. ಈಗ ಚಮಚಗಳನ್ನು ಎಣಿಸುವ ನೆಪದಲ್ಲಿ ಮುಖ ತಿರುಗಿಸಿದಳು.

“ನಿನ್ನೆ ಹೇಳದೆ ಹೋಗಿಬಿಟ್ಟೆ,” ಎಂದ.

“ಟ್ರಾಮ್ ಬಂತು.”

“ಹತ್ತು ನಿಮಿಷಕ್ಕೊಂದು ಬರತ್ತಲ್ಲ.”

ಅವಳು ಚಮಚಗಳನ್ನು ಮೊದಲಿಂದ ಎಣಿಸತೊಡಗಿದಳು. ಅವನು ಬ್ಯಾಗಿನಿಂದ ಮಡಿಚಿದ ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದ. ಹೆಗಲಿಗೆ ಹೊದೆಯುವ ಕೈಮಗ್ಗದ ಬಟ್ಟೆ, ದಾಳಿಂಬೆ ಕೆಂಪು, ಅಂಚಿನುದ್ದಕ್ಕೂ ಸಾಲಾಗಿ ನೇಯ್ದ ಪುಟ್ಟ ವಿಕುನ್ಯಾಗಳು.

“ಇದು ನಿನಗೆ. ಹುಸ್ತಿನಾ ಕಳಿಸಿದ್ದು. ಫೋಟೋದಲ್ಲಿ ಇದ್ದಳಲ್ಲ, ಅವಳು. ನಾಲ್ಕು ತಿಂಗಳು ಕೂತು ನೇಯ್ದಿದ್ದಾಳೆ.”

ಯಾಮಿನಿಗೆ ಮೈಯೆಲ್ಲ ಉರಿದುಹೋಯಿತು. “ನಿನ್ನ ಹೆಂಡತಿ ನನಗ್ಯಾಕೆ ಬಟ್ಟೆ ನೇಯ್ತಾಳೆ?”

ಹೇಮಲತಾ ಅವರ ಕೈ ರೊಟ್ಟಿಯ ಮೇಲೆಯೇ ನಿಂತಿತು.

“ಯಾರ ಹೆಂಡತಿ?” ಎಂದ ಪೃಥ್ವಿ.

“ನಿನ್ನ. ಮಗನ್ನ ತೊಡೆ ಮೇಲೆ ಕೂರಿಸ್ಕೊಂಡು ಜವಳ ಮಾಡ್ತಿದ್ದೆಯಲ್ಲ. ನಾನೇನು ಜವಳ ನೋಡಿಲ್ವಾ?”

ಅವನು ನಿಧಾನವಾಗಿ ಕುರ್ಚಿ ಎಳೆದು ಕೂತ. “ಯಾಮಿನಿ, ಆ ಫೋಟೋ ತೆಗೆದವನೇ ಅವಳ ಗಂಡ. ಸೆಫೆರಿನೊ. ವಿಲ್ಬರ್ ಅವರ ಮಗ. ಅಲ್ಲಿ ಮೊದಲನೇ ಕೂದಲನ್ನ ಅಪ್ಪ ಅಮ್ಮ ಕತ್ತರಿಸೋದಿಲ್ಲ. ಹೊರಗಿನವರು ಬೇಕು. ಯಾರು ಮೊದಲ ಎಳೆ ಕತ್ತರಿಸ್ತಾರೋ ಅವರು ಆ ಮಗುವಿಗೆ ಇನ್ನೊಂದು ಅಪ್ಪ ಅಮ್ಮ. ಆ ಊರಲ್ಲಿ ಹಿಮ ಬೀಳತ್ತೆ, ಆಡು ಕುರಿ ಸಾಯ್ತವೆ, ಆಸ್ಪತ್ರೆಗೆ ಅರ್ಧ ದಿನದ ದಾರಿ. ಒಂದು ಮನೆ ನಂಬ್ಕೊಂಡು ಮಗು ಬೆಳೆಸಕ್ಕಾಗಲ್ಲ ಅಂತಾರೆ. ಅದಕ್ಕೇ ಇನ್ನೊಂದು ಮನೆ ಮಾಡ್ಕೊಳ್ಳೋದು.”

“ಹಂಗಾರ ಇದು ಆಕಿ ತಪ್ಪಲ್ಲಪಾ,” ಎಂದರು ಹೇಮಲತಾ. “ಆ ಫೋಟೋ ನಾ ನೋಡಿದ್ರೂ ಹಂಗ ತಿಳ್ಕೋತಿದ್ದೆ.”

ಯಾಮಿನಿಗೆ ಮೊದಲು ಬಂದದ್ದು ನಗು. ಅದರ ಬೆನ್ನಲ್ಲೇ ಸ್ಕಂದನ ನೆನಪಾಗಿ ಆ ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಅವನ ಮಾತಿನ ಒಂದು ತುದಿ ಅವಳ ತಲೆಯಲ್ಲಿ ಸಿಕ್ಕಿಕೊಂಡಿತು.

“ಇನ್ನೊಂದು ಅಪ್ಪ ಅಮ್ಮ ಅಂದೆ. ಅಪ್ಪ ನೀನು. ಅಮ್ಮ ಯಾರು?”

ಪೃಥ್ವಿಯ ಕಿವಿಗಳು ನಿನ್ನೆಯ ಹಾಗೆಯೇ ಕೆಂಪಾದವು. “ಜೋಡಿಯಾಗಿ ಇರಬೇಕು ಅಂದರು. ಒಬ್ಬನೇ ಆದರೆ ಬೇಡ ಅಂದರು. ಊರಿನ ಪುಸ್ತಕದಲ್ಲಿ ಇಬ್ಬರ ಹೆಸರು ಬರೀಬೇಕಿತ್ತು.”

“ಯಾರ ಹೆಸರು ಬರೆಸಿದೆ?”

“ನಿನ್ನದು. ಬಾಯಿಗೆ ಅದೇ ಬಂತು.”

“ಏನು ಅಂತ ಬರೆಸಿದೆ?”

ಅವನು ಬಟ್ಟೆಯ ಮೇಲಿನ ವಿಕುನ್ಯಾಗಳನ್ನು ನೋಡುತ್ತ ಹೇಳಿದ. “ಹೆಂಡತಿ ಅಂತ.”

ಕೈಯಲ್ಲಿದ್ದ ಚಮಚಗಳನ್ನು ಯಾಮಿನಿ ಮೆಲ್ಲಗೆ ಕೆಳಗಿಟ್ಟಳು, ಇಲ್ಲದಿದ್ದರೆ ಬೀಳುತ್ತಿದ್ದವು. ಕೋಪ ಬಂತೋ ಸಂತೋಷ ಬಂತೋ ತಿಳಿಯದೆ ಅವಳು ಕಕ್ಕಾಬಿಕ್ಕಿಯಾದಳು. ನಿಜ ಹೇಳಬೇಕೆಂದರೆ ಎರಡೂ ಬಂದಿದ್ದವು.

“ಅಂದರೆ ನಾಲ್ಕು ತಿಂಗಳಿಂದ ಆ ಊರಿಗೆಲ್ಲ ನಾನು ನಿನ್ನ ಹೆಂಡತಿ. ಗೊತ್ತಿಲ್ಲದೆ ಇರೋದು ನನಗೊಬ್ಬಳಿಗೆ.”

“ತಪ್ಪು. ಕೇಳದೆ ಮಾಡಬಾರದಿತ್ತು. ನೀನು ಹೇಗೂ ಮೇ ತಿಂಗಳಲ್ಲಿ ಬರ್ತೀಯಲ್ಲ, ಅಲ್ಲೇ ಆ ಗುಲಾಬಿ ಕೆರೆ ಹತ್ತಿರ ಕೂತ್ಕೊಂಡು ಎಲ್ಲಾ ಹೇಳೋಣ ಅಂತ...”

“ನಾನು ಬರ್ತಾ ಇಲ್ಲ.”

ಈ ಸಲ ದಂಗಾಗುವ ಸರದಿ ಅವನದಾಗಿತ್ತು.

“ನಿನ್ನೆ ಸೆಮಿನಾರಲ್ಲೇ ಬೇಡ ಅಂತ ಬರೆದುಬಿಟ್ಟೆ. ಸ್ಕಂದನಿಗೆ ಕೊಟ್ಟಾಯ್ತು.”

“ಪ್ರೊಫೆಸರ್‌ಗೆ ನಾನು ಮಾತಾಡ್ತೀನಿ. ಈಗಲೇ ಫೋನ್ ಮಾಡ್ತೀನಿ.”

“ಬೇಡ. ಅವನು ಅವರಮ್ಮನಿಗೆ ಹೇಳಿಬಿಟ್ಟಿದ್ದಾನೆ. ಅವರು ಖುಷಿಗೆ ಅತ್ತಿದ್ದಾರೆ. ನನ್ನ ದುಡುಕಿಗೆ ಅವರು ಇನ್ನೊಂದು ಸಲ ಅಳಬೇಕಾ?”

ಪೃಥ್ವಿಯ ಮುಖದ ಬಣ್ಣವೇ ಇಳಿದುಹೋಯಿತು. ಎಂಟು ತಿಂಗಳು ಎಂಬುದು ಆ ಅಡುಗೆಮನೆಯಲ್ಲಿ ಇಬ್ಬರ ನಡುವೆ ಬಂದು ಕೂತಿತು. ಒಲೆಯ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದಾಗ ಹೇಮಲತಾ ಗ್ಯಾಸ್ ಆರಿಸಿದರು. “ಹಿತ್ತಲದಾಗ ಅರಬಿ ಒಣಹಾಕಬೇಕು,” ಎಂದು ಖಾಲಿ ಬುಟ್ಟಿ ಹಿಡಿದು ಹೊರಗೆ ಹೋದರು. ಹೊರಗೆ ಸಣ್ಣಗೆ ಮಳೆ ಬರುತ್ತಿತ್ತು.

“ಮೇ ಹತ್ತಕ್ಕೆ ಹೊರಡ್ತೀನಿ,” ಎಂದ ಪೃಥ್ವಿ. “ಹುಸ್ತಿನಾ ದಿನಾ ಕೇಳ್ತಿದ್ದಳು, ಅವಳು ಯಾವಾಗ ಬರ್ತಾಳೆ ಅಂತ. ಈಗ ಏನು ಹೇಳಲಿ?”

“ನಿಜ ಹೇಳು. ಹೆಂಡತಿ ಅಲ್ಲ ಅಂತ.”

“ಸರಿ,” ಎಂದ. ಬಟ್ಟೆಯನ್ನು ಮಡಿಚತೊಡಗಿದ.

ಯಾಮಿನಿ ಅವನ ಕೈಗಳನ್ನು ನೋಡಿದಳು. ಬೆರಳುಗಳ ಗೆಣ್ಣುಗಳೆಲ್ಲ ಚಳಿಗೆ ಸೀಳಿದ್ದವು. ಇನ್ನೂರು ಮುನ್ನೂರು ಬಿಂದುಗಳನ್ನು ಒಂದೊಂದಾಗಿ ಅವಳಿಗೆ ಬರೆದು ಕಳಿಸಿದ್ದು ಇವೇ ಬೆರಳುಗಳು. ನಿನ್ನೆ ಒಂದು ಫೋಟೋ ನೋಡಿ ಒಂದು ಮಾತೂ ಕೇಳದೆ ಅವಳು ಓಡಿಬಂದಿದ್ದಳು. ಅವನೂ ಒಂದು ಮಾತೂ ಕೇಳದೆ ಅವಳನ್ನು ಹೆಂಡತಿ ಮಾಡಿಕೊಂಡಿದ್ದ. ಇಬ್ಬರಿಗೂ ಬಾರದೇ ಇದ್ದದ್ದು ಅದೊಂದೇ, ಬಾಯಿಬಿಟ್ಟು ಕೇಳುವುದು.

“ಮಡಿಚಬೇಡ,” ಎಂದಳು. “ಊರಿಗೆಲ್ಲ ಹೇಳಿದ್ದೀಯ. ನನ್ನನ್ನ ಇನ್ನೂ ಕೇಳಿಲ್ಲ.”

ಅವನು ತಲೆಯೆತ್ತಿದ. ಈ ಸಲ ನೋಟ ತಪ್ಪಿಸಲಿಲ್ಲ, ಅವಳೂ ತಪ್ಪಿಸಲಿಲ್ಲ. “ನೀನಂದ್ರೆ ನನಗೆ ತುಂಬಾ ಇಷ್ಟ, ಯಾಮಿನಿ. ಅಲ್ಲಿ ಉಸಿರು ಸಿಗದೇ ಇದ್ದಾಗಲೂ ಇಷ್ಟ, ಇಲ್ಲಿ ಚೆನ್ನಾಗಿ ಸಿಗೋವಾಗಲೂ ಇಷ್ಟ. ನನ್ನನ್ನ ಮದುವೆ ಆಗ್ತೀಯಾ?”

“ಹೂಂ.”

ಅಷ್ಟು ಬೇಗ ಹೂಂ ಅಂದದ್ದು ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಅವಳೇ. ವಾರವಿಡೀ ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರವೂ ಕೆಲಸಕ್ಕೆ ಬರಲಿಲ್ಲ. ಅವನು ಮೇಜಿನಾಚೆಯಿಂದ ಅವಳ ಕೈ ಹಿಡಿದ, ಆ ಸೀಳಿದ ಗೆಣ್ಣುಗಳು ಒರಟಾಗಿದ್ದವು, ಬೆಚ್ಚಗಿದ್ದವು.

“ಕೌನ್ಸಿಲ್ ಆಫೀಸಿಗೆ ಇಪ್ಪತ್ತೆಂಟ ದಿನ ಮೊದಲ ಮದುವಿ ನೋಟಿಸ್ ಕೊಡಬೇಕ್ರೋ,” ಎಂದು ಹಿತ್ತಿಲಿನಿಂದ ಹೇಮಲತಾ ಅವರ ದನಿ ಬಂತು. “ಸೋಮವಾರ ನನಗ ರಜಾ ಐತಿ.”

ಇಬ್ಬರೂ ನಕ್ಕರು. ನಗು ನಿಂತಾಗ ಪೃಥ್ವಿ ಮತ್ತೆ ಸಪ್ಪಗಾದ. “ಆದರೂ ಎಂಟು ತಿಂಗಳು.”

“ಜೂನ್‌ನಲ್ಲಿ ಊರಿನವರೆಲ್ಲ ಸೇರಿ ವಿಕುನ್ಯಾ ಹಿಡೀತಾರೆ ಅಂದಿದ್ದೆಯಲ್ಲ? ಉದ್ದ ಹಗ್ಗ ಹಿಡಿದು ಸಾಲಾಗಿ ನಡೆದು, ದೊಡ್ಡಿಗೆ ಸೇರಿಸಿ, ಉಣ್ಣೆ ಕತ್ತರಿಸಿ ಮತ್ತೆ ಬಿಟ್ಟುಬಿಡೋದು. ಆವಾಗ ಎರಡು ವಾರ ರಜೆ ಹಾಕಿ ಬರ್ತೀನಿ. ನನ್ನ ಟಿಕೆಟ್ಟು, ನನ್ನ ರಜೆ. ಪ್ರೊಫೆಸರ್‌ಗೂ ಅದಕ್ಕೂ ಸಂಬಂಧ ಇಲ್ಲ.”

“ನಕ್ಷೆ ಕೆಲಸಕ್ಕೆ ಸ್ಕಂದ ಇರ್ತಾನೆ. ನೀನು ಯಾತಕ್ಕೆ ಬಂದೆ ಅಂತ ಊರವರು ಕೇಳಿದ್ರೆ?”

ಯಾಮಿನಿ ಕೆಂಪು ಬಟ್ಟೆಯನ್ನು ಎತ್ತಿ ಹೆಗಲಿಗೆ ಹೊದ್ದುಕೊಂಡಳು.

“ಮಗನ್ನ ನೋಡೋಕೆ ಬಂದೆ ಅಂತೀನಿ.”